ತಾಮ್ರದ ಕೊಡದ ನೀರು

ಆ ಸೀಸೆಯ ನೀರಿನಲ್ಲಿ ಏನೂ ಬೆಳೆಯಲಿಲ್ಲ. ನನ್ನ ಮನಸ್ಸನ್ನು ಮೊದಲು ಕದಡಿದ್ದು ಅದೇ.

ಬಾವಿಯ ನೀರು ಎಂದರೆ ಜೀವವಿರುವ ನೀರು. ಮಣ್ಣಿನಿಂದ, ಗಾಳಿಯಿಂದ, ಒಳಗೋಡೆಯ ಪಾಚಿಯಿಂದ ಬಂದ ಅಸಂಖ್ಯ ಸೂಕ್ಷ್ಮಜೀವಿಗಳು ಅದರಲ್ಲಿ ನೆಲೆಸಿರುತ್ತವೆ. ಒಂದು ಇನ್ನೊಂದನ್ನು ಮಿತಿಯಲ್ಲಿಟ್ಟುಕೊಂಡು, ಕುಡಿಯುವವರಿಗೆ ಕೇಡು ಮಾಡದೆ, ತಮ್ಮದೇ ಒಂದು ಸಮತೋಲದಲ್ಲಿ ಬದುಕಿರುತ್ತವೆ. ನೀರನ್ನು ಪರೀಕ್ಷಿಸುವವನು ಹುಡುಕುವುದು ಅವುಗಳನ್ನಲ್ಲ. ಅವುಗಳ ನಡುವೆ ಕರುಳಿನಿಂದ ಬಂದು ಸೇರಿಕೊಂಡವು ಇವೆಯೇ ಎಂಬುದನ್ನು. ಕರುಳಿನವು ಇಲ್ಲವೆಂದಾದರೆ ನೀರು ಕುಡಿಯಲು ಯೋಗ್ಯ. ಆದರೆ ತೆರೆದ ಬಾವಿಯ ನೀರಿನಲ್ಲಿ ಯಾವುದೂ ಇಲ್ಲ, ಮಣ್ಣಿನ ಸಾಧುಜೀವಿಗಳೂ ಇಲ್ಲ ಎಂದಾದರೆ ಅದನ್ನು ನಾನು ಶುದ್ಧಿ ಎಂದು ನಂಬುವುದಿಲ್ಲ. ಆ ನೀರಿಗೆ ಯಾರೋ ಏನೋ ಮಾಡಿದ್ದಾರೆ ಎಂದೇ ತಿಳಿಯುತ್ತೇನೆ.

ಸಿಂಧನೂರಿನ ನನ್ನ ಮನೆಯಲ್ಲಿ ಪೂಜೆಯ ಕೋಣೆಗೂ ಪರೀಕ್ಷೆಯ ಕೋಣೆಗೂ ಒಂದು ಗೋಡೆಯ ಹಾಗೂ ಒಂದು ಸ್ನಾನದ ಅಂತರವನ್ನು ಕಾಪಾಡಿಕೊಂಡು ಬಂದಿದ್ದೇನೆ. ಪರೀಕ್ಷೆಯ ಕೆಲಸ ಮುಗಿಸಿದ ಮೇಲೆ ತಲೆಯ ಮೇಲೆ ನೀರು ಹಾಕಿಕೊಳ್ಳದೆ ಪೂಜೆಯ ಕೋಣೆಯ ಹೊಸ್ತಿಲು ದಾಟುವುದಿಲ್ಲ. ಅದಕ್ಕೆ ಕಾರಣವುಂಟು. ಕರುಳಿನ ಜೀವಿಗಳನ್ನು ಬೆಳೆಸಿ ಗುರುತಿಸುವ ನೇರಳೆ ಬಣ್ಣದ ದ್ರವದಲ್ಲಿ ಎತ್ತಿನ ಪಿತ್ತದ ಲವಣ ಇರುತ್ತದೆ. ಕರುಳಿನಲ್ಲಿ ಬದುಕಬಲ್ಲದ್ದು ಮಾತ್ರ ಪಿತ್ತದಲ್ಲಿ ಬದುಕೀತು, ಉಳಿದವು ಸಾಯುತ್ತವೆ. ಆದ್ದರಿಂದ ಅದಿಲ್ಲದೆ ಪರೀಕ್ಷೆಯಿಲ್ಲ. ಎದೆಯ ಮೇಲೆ ಲಿಂಗವಿರುವವನು ಆ ಪುಡಿಯನ್ನು ತೂಗಬಹುದೇ ಎಂದು ನನ್ನ ಗುರುಗಳನ್ನೇ ಒಮ್ಮೆ ಕೇಳಿದ್ದೆ. ಜನರ ಹೊಟ್ಟೆ ಕಾಯುವ ಕೆಲಸವಾದರೆ ತೂಗು, ತೂಗಿ ಮಿಂದು ಪೂಜೆಗೆ ಕೂರು ಎಂದು ಅಪ್ಪಣೆ ಕೊಟ್ಟಿದ್ದರು. ಮಠದ ಪಾಠಶಾಲೆಯಲ್ಲಿ ಕಲಿತ ಮಡಿಯೂ ಮುಂದೆ ಪ್ರಯೋಗಶಾಲೆಯಲ್ಲಿ ಕಲಿತ ನಿರ್ಜಂತುಕತೆಯೂ ನನ್ನಲ್ಲಿ ಎಂದೂ ಜಗಳವಾಡಿದ್ದಿಲ್ಲ. ಸೀಸೆಯ ಮುಚ್ಚಳದ ಒಳಭಾಗವನ್ನು ಬೆರಳು ಮುಟ್ಟಬಾರದು ಎನ್ನುವುದು ಕೂಡ ಒಂದು ಮಡಿಯೇ ಅಲ್ಲವೇ.

ಆ ಸೀಸೆ ಬಂದದ್ದು ಜವಳಗೇರಾದಿಂದ. ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ದೊಡ್ಡ ಒಕ್ಕಲುಮನೆ. ಅದರ ಯಜಮಾನರೂ ನಾನೂ ಒಂದೇ ಮಠದ ಶಿಷ್ಯರು, ಗುರುಬಂಧುಗಳು. ಅವರ ಮೊಮ್ಮಗ ಆಗಷ್ಟೇ ತಾಯಿಯ ಹಾಲು ಬಿಟ್ಟು ಗೋಡೆ ಹಿಡಿದು ನಡೆಯುತ್ತಿದ್ದ ಕೂಸು. ಅದಕ್ಕೆ ಮೇಲಿಂದ ಮೇಲೆ ಭೇದಿ. ಆಸ್ಪತ್ರೆಗೆ ಒಯ್ದು ಸಲೈನು ಏರಿಸಿ ತಂದರೆ ನಾಲ್ಕು ದಿನ ಚೇತರಿಸಿಕೊಂಡು ಮತ್ತೆ ಬಾಡುತ್ತಿತ್ತು. ಅದೇ ಬಾವಿಯ ನೀರು ಕುಡಿದ ಅಜ್ಜ, ಅಜ್ಜಿ, ಅಪ್ಪ ಗಟ್ಟಿಮುಟ್ಟಾಗಿದ್ದರು. ಹಾಗಾಗಿ ದೋಷ ನೀರಿನದಲ್ಲ, ಉಣಿಸುವ ಕೈಯದು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಆ ಕೈ ಸೊಸೆಯದು. ಲಿಂಗಸುಗೂರು ಕಡೆಯ ಗುರುಗುಂಟಾದಿಂದ ಬಂದ ಹೆಣ್ಣುಮಗಳು. ಕೂಸನ್ನು ಅಜ್ಜಿಯ ಬಳಿ ಬಿಟ್ಟು ಅವಳು ತವರಿಗೆ ಹೋಗಬೇಕೆಂದು ಹಿರಿಯರನ್ನು ಕೂಡಿಸುವ ಮಾತು ನಡೆದಿತ್ತು. ಅವಳ ಅಣ್ಣ ಮಾತ್ರ, ಮೊದಲು ನೀರು ಪರೀಕ್ಷೆಯಾಗಲಿ, ಆಮೇಲೆ ಕೂಡೋಣ ಎಂದು ಪಟ್ಟು ಹಿಡಿದಿದ್ದ.

ಯಜಮಾನರೇ ಫೋನು ಮಾಡಿದ್ದರು. "ಶಾಸ್ತ್ರಿಗಳ, ಅವ್ರು ಕೇಳ್ಯಾರ, ನೀವು ನೋಡಿ ಹೇಳಿಬಿಡ್ರಿ. ನಿಮ್ಮ ಮಾತಿಗೆ ಎಲ್ಡು ಕಡಿಯವ್ರೂ ಒಪ್ಪತಾರ. ಮೂರು ತಲಿ ಕುಡಿದ ಬಾವಿ ಅದು, ಅದರಾಗ ಏನ್ ಇರಾಕ ಸಾಧ್ಯ?"

ಮರುದಿನ ಅವರ ಮಗ ಮೋಟಾರ್ ಸೈಕಲ್ ಮೇಲೆ ಬಂದು ನಾನು ಕಳಿಸಿದ್ದ ಸೀಸೆಯನ್ನು ತುಂಬಿಸಿ ತಂದು ಕೊಟ್ಟು, ನಿಂತ ಕಾಲಲ್ಲೇ ಹೋಗಿದ್ದ. ಅದರ ನೀರನ್ನು ನೇರಳೆ ದ್ರವದ ನಳಿಕೆಗಳಿಗೆ ಹಾಕಿದೆ. ಪ್ರತಿ ನಳಿಕೆಯೊಳಗೆ ಬೋರಲಾಗಿ ಇಟ್ಟ ಪುಟ್ಟ ನಳಿಕೆಯೊಂದು ಇರುತ್ತದೆ. ಕರುಳಿನ ಜೀವಿಗಳಿದ್ದರೆ ದ್ರವ ಹಳದಿಗೆ ತಿರುಗಿ, ಆ ಪುಟ್ಟ ನಳಿಕೆಯ ನೆತ್ತಿಯಲ್ಲಿ ಗಾಳಿಯ ಗುಳ್ಳೆ ಕಟ್ಟುತ್ತದೆ. ಎರಡು ದಿನ ಕಳೆದರೂ ಎಲ್ಲವೂ ನೇರಳೆಯಾಗಿಯೇ ಉಳಿದವು. ಇನ್ನೊಂದು ಹನಿಯನ್ನು ಎಲ್ಲ ಬಗೆಯ ಜೀವಿಗಳೂ ಬೆಳೆಯಬಲ್ಲ ಅಗರ್ ತಟ್ಟೆಯ ಮೇಲೆ ಹರಡಿದ್ದೆ. ಆ ತಟ್ಟೆಯೂ ತೊಳೆದಿಟ್ಟ ಕನ್ನಡಿಯಂತಿತ್ತು.

ಬ್ಲೀಚಿಂಗ್ ಪುಡಿ ಹಾಕಿ ಕಳಿಸಿದ್ದಾರೆಯೇ ಎಂಬ ಸಂಶಯ ಮೊದಲು ಬಂತು. ಉಳಿದ ನೀರಿಗೆ ಕ್ಲೋರಿನ್ ಗುರುತಿಸುವ ಹನಿ ಬಿಟ್ಟು ನೋಡಿದೆ. ಬಣ್ಣ ಬರಲಿಲ್ಲ. ಗುರುಬಂಧುವಿನ ಮೇಲೆ ಸಂಶಯಪಟ್ಟೆನಲ್ಲ ಎಂದು ನಾಚಿಕೆಯಾಯಿತು. ಆದರೂ ಉತ್ತರ ಸಿಗದೆ ಅವರ ಮಗನಿಗೆ ಫೋನು ಮಾಡಿದೆ.

"ತಮ್ಮಾ, ನೀರು ಎಲ್ಲಿಂದ ತುಂಬಿದ್ಯಪ್ಪಾ?"

"ನಾ ತುಂಬಿಲ್ರಿ, ಅಪ್ಪ ತುಂಬಿ ಕೊಟ್ಟ."

"ಬಾವಿಯಿಂದಲೋ, ನಲ್ಲಿಯಿಂದಲೋ?"

"ದೇವರ ಕೋಣ್ಯಾಗಿಂದ್ರಿ. ಶಾಸ್ತ್ರಿಗಳ ಮನಿಗೆ ಹೋಗೋ ನೀರು, ನಲ್ಲಿದು ಹಿಡಿಬ್ಯಾಡ ಅಂದ. ತಾಮ್ರದ ಕೊಡದಾಗಿಂದು ತುಂಬ್ಯಾನ."

ಗೌರವಕ್ಕಾಗಿ ಮಾಡಿದ ಕೆಲಸ. ಹಿಂದಿನ ಸಂಜೆ ಮಡಿಯಲ್ಲಿ ತುಂಬಿಟ್ಟ, ಮನೆಯ ಅತಿ ಶ್ರೇಷ್ಠವಾದ ನೀರನ್ನು ಅವರು ನನಗೆ ಕಳಿಸಿದ್ದರು. ರಾತ್ರಿಯಿಡೀ ತಾಮ್ರದಲ್ಲಿ ನಿಂತ ನೀರಿನಲ್ಲಿ ತಾಮ್ರದ ಅಂಶ ಅಷ್ಟಿಷ್ಟು ಇಳಿಯುತ್ತದೆ. ಮನುಷ್ಯನಿಗೆ ಬಾಧೆಯಿಲ್ಲ, ಆದರೆ ಆ ಸಣ್ಣ ಜೀವಿಗಳು ಅದನ್ನು ತಾಳಲಾರವು. ಹಿರಿಯರು ತಾಮ್ರವನ್ನು ದೇವರ ಕೋಣೆಗೆ ತಂದದ್ದರಲ್ಲಿ ಅರ್ಥವಿದೆ ಎಂದು ಆ ಹೊತ್ತಿನಲ್ಲೂ ನನಗೆ ಸಂತೋಷವಾದದ್ದನ್ನು ಮರೆಮಾಚಲಾರೆ.

ಆ ಸಂಜೆಯೇ ಯಜಮಾನರ ಫೋನು ಬಂತು. "ಏನಾತ್ರಿ ಶಾಸ್ತ್ರಿಗಳ? ಸಾಫ್ ಐತಿ ಹೌದಲ್ಲ? ಬಾಯಾಗ ಹೇಳಿದ್ರೂ ಸಾಕು, ಸೋಮವಾರ ಹಿರೇರ್ನ ಕೂಡಿಸಾಕತ್ತೀನಿ."

ಸಾಫ್ ಇದೆ ಎಂದಿದ್ದರೆ ಸುಳ್ಳಾಗುತ್ತಿರಲಿಲ್ಲ. ಆ ಸೀಸೆಯ ಮಟ್ಟಿಗೆ ಅದು ಸತ್ಯವೇ. ಆದರೆ ನಾನು ನೋಡಬೇಕಾಗಿದ್ದುದು ಬಾವಿಯ ನೀರನ್ನು. ನೋಡಿದ್ದು ಕೊಡದ ನೀರನ್ನು. ಆ ಕೂಸು ಕುಡಿಯುವುದು ಯಾವ ನೀರು ಎಂಬುದು ನನಗಿನ್ನೂ ತಿಳಿದಿರಲಿಲ್ಲ. "ಹೇಳಂಗಿಲ್ರೀ ಗೌಡ್ರ, ನಾಳೆ ಖುದ್ದು ನಾನ ಬರ್ತೀನಿ. ಬಾವಿಯಾಗಿಂದ ನಾನ ತಗೀತೀನಿ" ಎಂದೆ. "ಬರ್ರಿ. ಪ್ರಸಾದಕ್ಕ ಇಲ್ಲೇ ಇರ್ರಿ" ಎಂದರು. ದನಿಯಲ್ಲಿ ಮೊದಲಿನ ಸಲಿಗೆ ಇರಲಿಲ್ಲ.

ಸೀಸೆಗಳನ್ನು ತಂಪಾಗಿಡುವ ಮಂಜುಗಡ್ಡೆಯ ಡಬ್ಬಿ ಹಿಡಿದು ಬಸ್ಸಿನಲ್ಲಿ ಜವಳಗೇರಾ ತಲುಪಿದೆ. ಕಾಲುವೆಗೆ ನೀರು ಬಿಟ್ಟು ಕೆಲವು ದಿನಗಳಾಗಿದ್ದವು. ಗದ್ದೆಗಳಲ್ಲಿ ನಾಟಿ ಸಾಗಿತ್ತು. ಆ ಸೀಮೆಯಲ್ಲಿ ಕಾಲುವೆ ತುಂಬಿ ಹರಿದಾಗ ನೆಲದೊಳಗಿನ ನೀರೂ ಮೇಲೇರುತ್ತದೆ. ಹಿತ್ತಲಿನ ಬಾವಿ ಕೈಗೆಟುಕುವಷ್ಟು ತುಂಬಿ ನಿಂತಿತ್ತು. ಕಪ್ಪೆಗಳು ಒಳಗಲ್ಲಿನ ಸಂದಿನಲ್ಲಿ ಕುಳಿತಿದ್ದವು. ಅವುಗಳನ್ನು ಕಂಡು ನನಗೆ ಸಮಾಧಾನವೇ ಆಯಿತು, ಬಾವಿ ಬದುಕಿದೆ ಎಂದು.

ಆಮೇಲೆ ಕಂಡದ್ದು ಇನ್ನೊಂದು. ಬಾವಿಯಿಂದ ಹೆಚ್ಚು ದೂರವಿಲ್ಲದೆ, ಹೊಸದಾಗಿ ಹಂಚು ಜೋಡಿಸಿದ ಬಚ್ಚಲೂ ಪಾಯಿಖಾನೆಯೂ ಇದ್ದ ಕಟ್ಟಡ. ಅದರ ಮಗ್ಗುಲಲ್ಲಿ ಕಲ್ಲುಚಪ್ಪಡಿ ಮುಚ್ಚಿದ ಗುಂಡಿ. ಹಿಂದಿನ ವರ್ಷ ನಮ್ಮ ಮಠದ ಸ್ವಾಮಿಗಳು ಪಾದಪೂಜೆಗೆ ಬಂದು ಆ ಮನೆಯಲ್ಲಿ ಉಳಿದಿದ್ದರು. ಅವರಿಗೆಂದು ಆತುರದಲ್ಲಿ ಕಟ್ಟಿಸಿದ್ದು. ಈಗ ಮನೆಯವರೂ ಅದನ್ನೇ ಬಳಸುತ್ತಿದ್ದರು. ಎರಿಯ ಕಪ್ಪು ಮಣ್ಣು ಒಣಗಿದಾಗ ಆಳವಾಗಿ ಬಿರಿಯುತ್ತದೆ, ನೀರುಂಡಾಗ ಊದುತ್ತದೆ. ಆ ಬಿರುಕುಗಳು ಎಲ್ಲಿಂದ ಎಲ್ಲಿಗೆ ದಾರಿ ಮಾಡಿಕೊಡುತ್ತವೆ ಎಂದು ಹೇಳಲು ಬರುವುದಿಲ್ಲ.

ಸೀಸೆಯ ಕೊರಳಿಗೆ ಕಲ್ಲು ಕಟ್ಟಿ ಇಳಿಬಿಡುವ ಹಗ್ಗವನ್ನು ನಾನು ಆವಿಯಲ್ಲಿ ಬೇಯಿಸಿ ಕಾಗದದಲ್ಲಿ ಸುತ್ತಿ ತಂದಿದ್ದೆ. ಅದನ್ನು ಬಿಚ್ಚುತ್ತಿದ್ದಂತೆ ಯಜಮಾನರ ಮಡದಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಹೊರಗಿನ ಹಗ್ಗ ನಮ್ಮ ಬಾವಿಗೆ ಇಳಿಸೋ ಪದ್ಧತಿ ಇಲ್ರಿ" ಎಂದರು.

"ಶಾಸ್ತ್ರಿಗಳು ಹೊರಗಿನವ್ರೇನು?" ಎಂದರು ಯಜಮಾನರು.

"ಶಾಸ್ತ್ರಿಗಳು ಒಳಗಿನವ್ರ. ಅವ್ರ ಹಗ್ಗ ಯಾವ ಕೋಣ್ಯಾಗಿಂದ ಬಂದೈತಿ ಕೇಳ್ರಿ."

ಸೀಸೆಯ ಮುಚ್ಚಳ ತೆಗೆದು, ಗೋಡೆಗೆ ತಾಗದಂತೆ ನಡುಮಧ್ಯಕ್ಕೆ ಇಳಿಸಿದೆ. ಮೇಲ್ಪದರದ ಕಸ ದಾಟಿ ಮುಳುಗಿ, ಗುಳ್ಳೆ ನಿಂತ ಮೇಲೆ ಎತ್ತಿದೆ. ಸ್ವಲ್ಪ ಗಾಳಿ ಉಳಿಯುವಂತೆ ನೀರು ಚೆಲ್ಲಿ ಮುಚ್ಚಿ ಮಂಜುಗಡ್ಡೆಯಲ್ಲಿಟ್ಟೆ. ಆಮೇಲೆ ಇನ್ನೊಂದು ಸೀಸೆ ತುಂಬಲು ನಲ್ಲಿಯ ಬಳಿ ಹೋದೆ. ಮೋಟಾರು ಎತ್ತಿದ ಬಾವಿಯ ನೀರು ನೇರ ಅಲ್ಲಿಗೆ ಬರುತ್ತದೆ. ಸೊಸೆ ಅಲ್ಲಿ ಪ್ಲಾಸ್ಟಿಕ್ ಕೊಡ ತುಂಬಿಸುತ್ತ ಕುಳಿತಿದ್ದಳು. ಕೂಸು ಅವಳ ಬೆನ್ನಿಗೆ ಆತುಕೊಂಡಿತ್ತು. ನಲ್ಲಿಯ ಬಾಯಿಗೆ ಅಂಟಿದ ಜೀವಿಗಳನ್ನು ಸುಡಲು ಸ್ಪಿರಿಟ್ಟಿನ ಬತ್ತಿ ಹೊತ್ತಿಸಿದಾಗ ಕೂಸು ಅದರತ್ತ ಕೈ ಚಾಚಿತು. ಕಣ್ಣು ಒಳಸೇರಿ, ಕೈ ಬಾಳೆಯ ದಿಂಡಿನ ನಾರಿನಂತಿತ್ತು.

"ಇವನಿಗೆ ಕುಡಿಯಾಕ ಯಾವ ನೀರು ಕೊಡ್ತೀ ಅವ್ವಾ?"

"ಇದನ್ನ ರೀ. ಗಂಜಿಗೂ ಇದ, ಬಾಟ್ಲಿಗೂ ಇದ."

"ದೇವರ ಕೋಣೀದು?"

"ಅದನ್ನ ನಾ ಹೆಂಗ ಮುಟ್ಲಿ, ಅಜ್ಜಾರ?" ಎಂದು ನಕ್ಕಳು. "ಮಗ್ಗಲಾಗ ಉಚ್ಚಿ ಹೊಯ್ಕೊಳೋ ಕೂಸೈತಿ, ನಂಗ ಮಡಿ ಎಲ್ಲಿಂದ ಬರ್ಬೇಕು? ಕೊಡ ಅತ್ತಿ ತುಂಬ್ತಾರ. ಅವ್ರು ಮೂರೂ ಮಂದಿ ಅದನ್ನ ಕುಡೀತಾರ. ನಾನೂ ಇವನೂ ಇದು."

ಎಲ್ಲವೂ ಅಲ್ಲಿಯೇ ತಿಳಿಯಿತು. ಒಂದೇ ಬಾವಿ, ಆದರೆ ಗಟ್ಟಿಮುಟ್ಟಾದವರು ಕುಡಿದದ್ದು ತಾಮ್ರದಲ್ಲಿ ತಂಗಿದ ನೀರು, ಕೂಸು ಕುಡಿದದ್ದು ತಂಗದ ನೀರು. ಬೆಳೆದ ದೇಹದ ತಾಯಿ ಅದನ್ನು ಹೇಗೋ ತಾಳಿಕೊಂಡಿದ್ದಳು, ಕೂಸು ತಾಳಲಿಲ್ಲ. ತಾಯಿಯನ್ನು ಕೊಡದಿಂದ ದೂರವಿಟ್ಟದ್ದು ಮಡಿ. ಆ ಮಡಿಗೆ ಕಾರಣ ಕೂಸು. ಲಿಂಗ ಕಟ್ಟಿದ ದೇಹಕ್ಕೆ ಮೈಲಿಗೆಯಿಲ್ಲ ಎಂದು ನನಗೂ ಯಜಮಾನರಿಗೂ ಒಂದೇ ಚಾಪೆಯ ಮೇಲೆ ಕುಳ್ಳಿರಿಸಿ ಕಲಿಸಿದ್ದರು. ನಾವು ತಲೆದೂಗಿ ಮನೆಗೆ ಬಂದು ಕೊಡಗಳನ್ನು ಬೇರೆ ಬೇರೆ ಇಟ್ಟೆವು.

"ಫಲಿತಾಂಶ ಬರೋತನಕ ಕುದಿಸಿ ಕುಡಿಸವ್ವಾ" ಎಂದೆ.

"ಮೊನ್ನೆ ಕುದಿಸಿದ್ದೆ ರೀ. ಇಂಥಾ ಬಾವಿ ಇಟಗೊಂಡು ಕುದಿಸಿ ಕುಡಿದ್ರ ಊರು ನಗತೈತಿ ಅಂತ ಅತ್ತಿ ಒಲಿ ಆರಿಸಿದ್ರು."

ಅವಳು ನಲ್ಲಿಯ ಕೆಳಗೆ ಕೈ ತೊಳೆದಳು. ಸಾಬೂನು ಹಚ್ಚಿ ತೊಳೆದು, ಮತ್ತೆ ಹಚ್ಚಿ ತೊಳೆದಳು. ಬೆರಳ ಸಂದುಗಳು ಬೇಸಿಗೆಯ ಎರಿಯ ನೆಲದಂತೆ ಬಿರಿದಿದ್ದವು.

ಸಿಂಧನೂರಿಗೆ ಮರಳಿ, ಬಾವಿಯ ನೀರನ್ನು ಎರಡು ಪಾಲು ಮಾಡಿದೆ. ಒಂದು ಪಾಲನ್ನು ಗಾಜಿನ ಪಾತ್ರೆಯಲ್ಲಿಟ್ಟೆ. ಇನ್ನೊಂದಕ್ಕೆ ನನ್ನ ಪೂಜೆಯ ತಾಮ್ರದ ತಂಬಿಗೆಯನ್ನೇ ತಂದೆ. ಅದು ಆ ಗೋಡೆಯನ್ನು ದಾಟಿ ಪರೀಕ್ಷೆಯ ಕೋಣೆಗೆ ಬಂದದ್ದು ಅದೊಂದೇ ಸಲ. ಹುಣಸೆಹಣ್ಣು ಹಚ್ಚಿ ಬೆಳಗಿ, ಕುದಿನೀರಿನಲ್ಲಿ ತೊಳೆದು, ನೀರು ತುಂಬಿ ಮುಚ್ಚಿಟ್ಟೆ. ಬೆಳಗ್ಗೆ ಎರಡನ್ನೂ ನಳಿಕೆಗಳಿಗೆ ಹಾಕಿದೆ. ತಂಬಿಗೆಯಿಂದ ತೆಗೆದ ಪಾಲಿಗೆ, ತಾಮ್ರವನ್ನು ಹಿಡಿದಿಟ್ಟು ಅದರ ಕೆಲಸ ನಿಲ್ಲಿಸುವ ಲವಣವನ್ನೂ ಸೇರಿಸಿದೆ. ಇಲ್ಲವಾದರೆ ಜೀವಿಗಳು ಪಾತ್ರೆಯಲ್ಲಿ ಸತ್ತವೋ ನಳಿಕೆಯಲ್ಲಿ ಸತ್ತವೋ ತಿಳಿಯುವುದಿಲ್ಲ. ನಲ್ಲಿಯ ನೀರನ್ನೂ ಜೊತೆಗಿಟ್ಟೆ.

ಗಾಜಿನ ಪಾಲಿನ ನಳಿಕೆಗಳೆಲ್ಲ ಹಳದಿಯಾದವು. ನಲ್ಲಿಯದ್ದೂ. ಪುಟ್ಟ ನಳಿಕೆಗಳ ನೆತ್ತಿಯಲ್ಲಿ ಗಾಳಿ ಕಟ್ಟಿತ್ತು. ತಂಬಿಗೆಯವು ನೇರಳೆ. ಹಳದಿಯಾದವನ್ನು ಮೈಬಿಸಿಗಿಂತ ಹೆಚ್ಚಿನ ಕಾವಿನಲ್ಲಿ ಮತ್ತೆ ಬೆಳೆಸಿ, ಖಚಿತಪಡಿಸುವ ಹನಿ ಬಿಟ್ಟೆ. ದ್ರವದ ಮೇಲೆ ಕುಂಕುಮದ ಬಣ್ಣದ ಉಂಗುರ ಎದ್ದಿತು. ಕರುಳಿನ ಜೀವಿಯೇ, ಇನ್ನು ಸಂದೇಹಕ್ಕೆ ಜಾಗವಿರಲಿಲ್ಲ. ಅಂದು ಲಿಂಗಪೂಜೆಗೆ ಕುಳಿತಾಗ ಬಹಳ ದಿನಗಳ ಮೇಲೆ ಮನಸ್ಸು ಹಗುರವಾಗಿತ್ತು. ಒಂದು ತಾಯಿಯ ಕೈಮೇಲಿನ ಆರೋಪ ತೊಳೆದುಹೋಯಿತು ಎಂದುಕೊಂಡಿದ್ದೆ.

ಸೋಮವಾರ ಜವಳಗೇರಾದ ಪಡಸಾಲೆಯಲ್ಲಿ ಹಿರಿಯರು ಕೂಡಿದರು. ಗುರುಗುಂಟಾದ ಅಣ್ಣ ಕಂಬಕ್ಕೆ ಒರಗಿ ಕುಳಿತಿದ್ದ. ಊರಿನ ಹಿರಿಯ ಭತ್ತದ ವ್ಯಾಪಾರಿ ಸಾಹೇಬರೂ ಬಂದಿದ್ದರು. ಮಗ ತಲೆ ತಗ್ಗಿಸಿ ಮೊಬೈಲಿನ ಮೇಲೆ ಬೆರಳಾಡಿಸುತ್ತಿದ್ದ. ಸೊಸೆ ಕೂಸನ್ನೆತ್ತಿಕೊಂಡು ಒಳಬಾಗಿಲ ಮರೆಯಲ್ಲಿದ್ದಳು. ನಾನು ಮಾಡಿದ್ದನ್ನೂ ಕಂಡದ್ದನ್ನೂ ಕ್ರಮವಾಗಿ ಹೇಳಿದೆ. ಬಾವಿಗೆ ಪಾಯಿಖಾನೆಯ ಗುಂಡಿಯ ನೀರು ಜಿನುಗುತ್ತಿರಬೇಕು. ಗುಂಡಿಗೆ ಬಣ್ಣ ಸುರಿದು ನೋಡಿದರೆ ತಿಳಿಯುತ್ತದೆ. ಗುಂಡಿಯನ್ನು ದೂರಕ್ಕೆ ಒಯ್ಯಬೇಕು. ಅಲ್ಲಿಯವರೆಗೆ ಕುದಿಸಿಯೇ ಕುಡಿಯಬೇಕು. ನೀವೆಲ್ಲ ಉಳಿದದ್ದು ತಾಮ್ರದ ಕೊಡದಿಂದ. ಕೂಸಿಗೆ ಅದು ಸಿಗಲಿಲ್ಲ, ಅಷ್ಟೇ.

ಯಜಮಾನರು ಕಣ್ಣು ಮುಚ್ಚಿ ಕೇಳಿದರು. ಗುಂಡಿಯ ಮಾತಿಗೆ ಕಣ್ಣು ತೆರೆದರು.

"ಸ್ವಾಮಿಗಳು ಬಳಸಿದ ಜಾಗದ ನೀರು ಹೊಲಸು ಅಂತೀರೇನ್ರಿ, ಶಾಸ್ತ್ರಿಗಳ? ನೀವು?"

"ಸ್ವಾಮಿಗಳು ಎಲ್ಡು ದಿನ ಇದ್ರು. ಆಮ್ಯಾಲಿಂದು ಮನಿಮಂದೀದ ಅಲ್ರೀ, ಗೌಡ್ರ?"

ಯಾರೋ ಕಿಸಕ್ಕನೆ ನಕ್ಕರು. ಆ ನಗುವಿಗೆ ನಾನು ಬೆಲೆ ತೆರಬೇಕಾಯಿತು. ಯಜಮಾನರು ಎದ್ದು ನಿಂತರು.

"ಆತು. ಶಾಸ್ತ್ರಿಗಳ ಬಾಯಾಗಿಂದ ಬಂದದ್ದು ಎಲ್ಲಾರೂ ಕೇಳೀರಿ. ನಮ್ಮ ದೇವರ ಕೋಣಿ ನೀರು ಶುದ್ಧ, ಹೌದಲ್ರೀ?"

"ಹೌದು. ಆದ್ರ..."

"ಸೊಸಿ ಹಿಡದದ್ದು ಹೊಲಸು, ಹೌದಲ್ರೀ?"

"ನಲ್ಲೀದು ಹೊಲಸು. ಯಾರು ಹಿಡಿದ್ರೂ..."

"ಬಾವಿ ಒಂದ. ಕೈ ಎಲ್ಡು. ಮಡೀಲೆ ಹಿಡದದ್ದು ಅಮೃತ, ಮಡಿ ಇಲ್ದ ಹಿಡದದ್ದು ವಿಷ. ನಾ ವರ್ಷದಿಂದ ಬಡಕೊಳ್ಳಾಕತ್ತಿದ್ದು ಮತ್ತೇನು? ಇವತ್ತು ಶಾಸ್ತ್ರನ ಹೇಳಿತು."

"ಕೈ ಅಲ್ರೀ ಗೌಡ್ರ, ತಾಮ್ರ! ಆ ಕೊಡ ಆಕೀ ಕೈಗೆ ಕೊಟ್ಟಿದ್ರ ಕೂಸು ಬೀಳ್ತಿದ್ದಿಲ್ಲ."

"ಆಕೀ ಕೈಗೆ ಕೊಡಾಕ ಬರಂಗಿಲ್ಲ ಅನ್ನೋದ ಅಲ್ರೀ ಮಾತು?"

ನನ್ನ ಮಾತು ಸುತ್ತು ಹಾಕಿ ನನ್ನ ಕಾಲಿಗೇ ತೊಡರಿತು. ವ್ಯಾಪಾರಿ ಸಾಹೇಬರು ಮಾತ್ರ ಬೀಡಿ ಆರಿಸಿ ನಡುವೆ ಬಾಯಿ ಹಾಕಿದರು.

"ಅರೇ ಗೌಡ್ರ, ಇಷ್ಟ್ಯಾಕ? ಪ್ಯಾಟ್ಯಾಗ ಇನ್ನೊಂದು ತಾಮ್ರದ ಕೊಡ ಸಿಗ್ತೈತಿ. ಒಂದು ತಂದು ಆ ತಾಯಿ ಕೈಗೆ ಕೊಡ್ರಿ. ಮುಗೀತು ಫೈಸಲಾ."

"ನಿಮಗ ನಮ್ಮ ಮಡಿ ತಿಳಿಯಂಗಿಲ್ಲ ಸಾಹೇಬ್ರ."

"ಮಡಿ ತಿಳಿಯಂಗಿಲ್ಲ, ಖರೆ. ಕೂಸುಗಳದು ತಿಳೀತೈತಿ. ನನ್ನ ಮನಿತುಂಬ ಅವ ಅದಾವ. ತಾಯಿನ್ನ ಬಿಡಿಸಿ ನೀರು ಕುಡಿಸಿದ್ರ ಅದು ಯಾವ ನೀರು?"

ಆಗ ಅಜ್ಜಿ ಒಳಗಿನಿಂದಲೇ ದನಿ ತೆಗೆದರು. ನೀರು ಪರೀಕ್ಷೆ ಮಾಡುವ ಕೋಣೆಯಲ್ಲಿ ಎತ್ತಿನ ಪಿತ್ತ ಇರುತ್ತದೆಂದು ಅವರಿಗೆ ಯಾರೋ ಹೇಳಿದ್ದರಂತೆ. "ಪಿತ್ತದ ಕೈಲೆ ಬಾವಿಗೆ ಹಗ್ಗ ಇಳಿಸಿದ್ರ ಬಾವಿ ಕೆಡದ ಇನ್ನೇನಾಗ್ತೈತಿ? ಮೊದ್ಲ ಕಳಿಸಿದ ನೀರಾಗ ಏನೂ ಬಂದಿದ್ದಿಲ್ಲ. ಇವ್ರು ಬಂದು ಮುಟ್ಟಿದ ಮ್ಯಾಲ ಬಂತು."

ಗುರುಬಂಧು ಅದನ್ನು ಅಲ್ಲಗಳೆಯಲಿಲ್ಲ. ಎದ್ದು ನಿಂತಿದ್ದವರು ಮತ್ತೆ ಕುಳಿತರು. ಆ ಕ್ಷಣದ ನೋವನ್ನು ಬಣ್ಣಿಸಲು ನನಗೆ ಇಂದಿಗೂ ಮನಸ್ಸಿಲ್ಲ.

ಹಿರಿಯರು ತೀರ್ಮಾನಿಸಿದರು. ಬಾವಿಗೆ ರುದ್ರಾಭಿಷೇಕದ ನೀರು ಬಿಟ್ಟು ಶುದ್ಧಿ ಮಾಡಬೇಕು. ಕೂಸು ಅಜ್ಜಿಯ ಬಳಿ ಇದ್ದು ತಾಮ್ರದ ಕೊಡದ ನೀರು ಕುಡಿಯಬೇಕು. ಗುಣವಾಗುವವರೆಗೆ ತಾಯಿ ತವರಿನಲ್ಲಿರಲಿ. ಅಮಾವಾಸ್ಯೆಗೊಮ್ಮೆ ಬಂದು ನೋಡಿಕೊಂಡು ಹೋಗಲಿ. ಅಣ್ಣ ಠಾಣೆ, ಕೋರ್ಟು ಎಂದು ಗುಡುಗಿದ. ಅವನನ್ನು ತಡೆದದ್ದು ಸೊಸೆಯೇ.

"ಬ್ಯಾಡೋ ಅಣ್ಣಾ. ಆ ನೀರು ಕುಡಿದ್ರ ಇವ ಉಳೀತಾನ, ಹೌದಲ್ರಿ ಅಜ್ಜಾರ?" ಎಂದು ನನ್ನನ್ನು ಕೇಳಿದಳು.

ಪಡಸಾಲೆಯ ಕಣ್ಣುಗಳೆಲ್ಲ ನನ್ನ ಮೇಲಿದ್ದವು. ಇಲ್ಲ ಎಂದಿದ್ದರೆ ಬಹುಶಃ ಸಭೆ ಮುರಿಯುತ್ತಿತ್ತು. ಆದರೆ ನಳಿಕೆಗಳು ನೇರಳೆಯಾಗಿಯೇ ಉಳಿದದ್ದನ್ನು ನಾನು ಕಣ್ಣಾರೆ ನೋಡಿದ್ದೆ. "ಉಳೀತಾನವ್ವಾ" ಎಂದೆ. ಅವಳು ಕೂಸನ್ನು ಅತ್ತೆಯ ಕೈಗೆ ಕೊಟ್ಟಳು. ಕೊಡುವ ಮೊದಲು ಸೆರಗಿನಿಂದ ಅದರ ಬಾಯಿ ಒರೆಸಿದಳು. ಅತ್ತೆ ಒಳಗೆ ಒಯ್ದು ಅದೇ ಬಾಯನ್ನು ಮತ್ತೆ ತೊಳೆದ ಸದ್ದು ಕೇಳಿಸಿತು.

ಕೂಸು ಉಳಿಯಿತು. ಉಳಿಯಿತಷ್ಟೇ ಅಲ್ಲ, ಮೈ ತುಂಬಿಕೊಂಡಿತು. ನನ್ನ ಪರೀಕ್ಷೆ ಸುಳ್ಳಾಗಲಿಲ್ಲ. ಸುಳ್ಳಾಗದೆಯೇ ಅವಳ ವಿರುದ್ಧ ಸಾಕ್ಷಿಯಾಯಿತು. ತಾಯಿ ದೂರವಾದ ಕೂಡಲೇ ಕೂಸು ಚೇತರಿಸಿತು ಎಂದು ಬಸ್ಸಿನಲ್ಲಿ, ಮಸ್ಕಿಯ ಸಂತೆಯಲ್ಲಿ ಜನ ಆಡಿಕೊಂಡ ಮಾತು ನನ್ನ ಕಿವಿಗೂ ಬಿತ್ತು. ಗುಂಡಿ ಇದ್ದಲ್ಲೇ ಇದೆ. ನಾಟಿಗೆ ಬಂದ ಆಳುಗಳಿಗೆ ನಲ್ಲಿಯ ನೀರನ್ನೇ ಪ್ಲಾಸ್ಟಿಕ್ ಕೊಡದಲ್ಲಿ ತುಂಬಿ ಗದ್ದೆಗೆ ಕಳಿಸುತ್ತಾರೆ. ಅದನ್ನು ಹೇಳಲು ಮತ್ತೊಮ್ಮೆ ಹೋಗಿದ್ದೆ. ಯಜಮಾನರು ಪೂಜೆಯಲ್ಲಿದ್ದಾರೆ ಎಂದರು. ಬಿಸಿಲು ಏರುವವರೆಗೆ ಕಟ್ಟೆಯ ಮೇಲೆ ಕಾದೆ. ಪೂಜೆ ಮುಗಿಯಲಿಲ್ಲ. ಹೊರಡುವಾಗ ಆ ಆಳುಗಳಿಗೇ ಕುದಿಸಿ ಕುಡಿಯಿರೆಂದೆ. ಗದ್ದೆಯಲ್ಲಿ ಒಲೆ ಎಲ್ಲಿದೆ ಅಜ್ಜಾರ ಎಂದು ಒಬ್ಬಾಕೆ ಕೇಳಿದಳು.

ಒಂದು ಅಮಾವಾಸ್ಯೆಯ ಮರುದಿನ ಸೊಸೆ ನನ್ನ ಮನೆಗೆ ಬಂದಳು. ಜವಳಗೇರಾದಿಂದ ಗುರುಗುಂಟಾಕ್ಕೆ ಹೋಗಲು ಸಿಂಧನೂರಿನಲ್ಲಿ ಬಸ್ಸು ಬದಲಿಸಬೇಕು.

"ದುಂಡಗ ಆಗ್ಯಾನ್ರಿ" ಎಂದಳು. "ಓಡ್ಯಾಡ್ತಾನ. ನಾ ಕರದ್ರ ಅಜ್ಜಿ ಸೆರಗಿನ್ಯಾಗ ಅಡಗಿದ." ಎರಡೂ ಅಂಗೈಗಳನ್ನು ನನ್ನ ಮುಂದೆ ಹಿಡಿದಳು. "ಬಾವಿ ನೋಡಿದ್ರಿ, ನಲ್ಲಿ ನೋಡಿದ್ರಿ. ಇದನ್ನೂ ನೋಡಿಬಿಡ್ರಿ. ಇದರಾಗ ಏನೈತಿ ಅಂತ ನಂಗ ತಿಳೀಬೇಕು."

ಹಾಗೆ ನೋಡಿ ಯಾವ ಪ್ರಯೋಜನವೂ ಇಲ್ಲವೆಂದು ನನಗೆ ಗೊತ್ತಿತ್ತು. ಆದರೂ ಇಲ್ಲವೆನ್ನಲಾಗಲಿಲ್ಲ. ಒಂದು ಅಗರ್ ತಟ್ಟೆ ತೆರೆದು ಅವಳ ಬೆರಳುಗಳನ್ನು ಮೆಲ್ಲಗೆ ಒತ್ತಿಸಿದೆ. ಪಿತ್ತದ ತಟ್ಟೆಯ ಮೇಲೂ ಒತ್ತಿಸಿದೆ. ಹೋಲಿಸಿ ನೋಡಲು ಇನ್ನೊಂದು ಜೊತೆ ಬೇಕಾಗಿತ್ತು. ಪೂಜೆ ಮುಗಿಸಿ ಬಂದ ನನ್ನ ಬೆರಳುಗಳನ್ನೇ ಒತ್ತಿದೆ. ಮುಂದಿನ ಸಲ ಬಂದಾಗ ಹೇಳುತ್ತೇನೆಂದು ಕಳಿಸಿದೆ.

ಅವಳ ಪಿತ್ತದ ತಟ್ಟೆಯಲ್ಲಿ ಏನೂ ಬೆಳೆಯಲಿಲ್ಲ. ನನ್ನದರಲ್ಲೂ ಇಲ್ಲ. ಸಾಧಾರಣ ತಟ್ಟೆಯಲ್ಲಿ ನನ್ನ ಬೆರಳುಗಳ ಗುರುತು ಬಿಳಿಯ, ತಿಳಿಹಳದಿಯ ಚುಕ್ಕೆಗಳಿಂದ ದಟ್ಟವಾಗಿ ಮೂಡಿತ್ತು. ಆರೋಗ್ಯವಂತ ಚರ್ಮದ ಮೇಲೆ ಇರಲೇಬೇಕಾದ ಜೀವಿಗಳವು. ಅವು ಇರುವುದರಿಂದಲೇ ಬೇರೆಯವಕ್ಕೆ ಅಲ್ಲಿ ಜಾಗ ಸಿಗುವುದಿಲ್ಲ. ಅವಳ ಬೆರಳುಗಳಲ್ಲಿ ಅಲ್ಲೊಂದು ಇಲ್ಲೊಂದು. ಎರಡು ಬೆರಳುಗಳ ಕೆಳಗೆ ಏನೂ ಇರಲಿಲ್ಲ. ತೆರೆದ ಬಾವಿಯಿಂದ ಬಂದು ಏನೂ ಬೆಳೆಯದೆ ಉಳಿದ ಆ ಮೊದಲ ಸೀಸೆ ನೆನಪಾಯಿತು. ತಟ್ಟೆಗಳನ್ನು ತಂಪಿನಲ್ಲಿಟ್ಟು ಅವಳಿಗಾಗಿ ಕಾದೆ.

ಮುಂದಿನ ಅಮಾವಾಸ್ಯೆಗೆ ಕೂಸನ್ನು ನೋಡಲು ಹೊರಟವಳು ನನ್ನ ಮನೆಗೆ ಬಂದಾಗ ಎರಡೂ ಸಾಧಾರಣ ತಟ್ಟೆಗಳನ್ನು ಬೆಳಕಿಗೆ ಹಿಡಿದು ತೋರಿಸಿದೆ. "ನಿನ್ನ ಕೈಯಾಗ ದೋಷ ಇಲ್ಲವ್ವಾ. ಇದು ನಂದು, ಇದು ನಿಂದು. ನಂದಕಿಂತ ನಿಂದ ಕಡಿಮಿ ಐತಿ. ಅತೀ ಕಡಿಮಿ. ಇಷ್ಟು ತೊಳೀಬಾರದು. ಚರ್ಮ ಬಿರಿದ್ರ ಕೇಡು ಒಳಗ ಹೋಗಾಕ ದಾರಿ ಆಗ್ತೈತಿ. ಕೈ ತೊಳಿಯೋದು ಜರಾ ಕಡಿಮಿ ಮಾಡು."

ಅವಳು ನನ್ನ ತಟ್ಟೆಯನ್ನೇ ಬಹಳ ಹೊತ್ತು ನೋಡಿದಳು.

"ಕಡಿಮಿ ಮಾಡಿದ್ರ, ಕೂಸಿನ್ನ ಎತ್ಗೊಂತೀನಿ ಅಂತ ಯಾವ ಬಾಯಿಲೆ ಕೇಳ್ಲಿ, ಅಜ್ಜಾರ?" ಎಂದಳು. "ಬಾಗಲದಾಗ ನಿಂದ್ರಿಸಿ ಮೊದ್ಲ ಕೈ ನೋಡ್ತಾರ."

ಜವಳಗೇರಾ ಬಸ್ಸಿಗೆ ಹೊತ್ತಾಗಿತ್ತು. ಅವಳು ಅಂಗಳಕ್ಕಿಳಿದಳು. ಬಳಸಿದ ತಟ್ಟೆಗಳ ಜೀವಿಗಳನ್ನು ಆವಿಯಲ್ಲಿ ಬೇಯಿಸಿ ಕೊಲ್ಲಬೇಕೆಂಬುದು ನಿಯಮ. ಎಲ್ಲವನ್ನೂ ಕುಕ್ಕರಿನೊಳಗಿಟ್ಟು ಮುಚ್ಚಳ ಬಿಗಿದೆ. ಕಿಟಕಿಯ ಹೊರಗೆ ನಲ್ಲಿ ತಿರುಗಿದ ಸದ್ದು ಕೇಳಿಸಿತು. ಸಾಬೂನಿನ ಡಬ್ಬಿ ತೆರೆದ ಸದ್ದು. ಕುಕ್ಕರು ಆವಿ ಹಿಡಿದು ಸಿಳ್ಳೆ ಹಾಕುವವರೆಗೂ ಆ ನೀರು ನಿಲ್ಲಲಿಲ್ಲ.